ದೂರು ಪತ್ರ: ಪ್ಯಾನೆಲ್ ಒಳಗೆ ಕೇಬಲ್ ಸುಡುತ್ತಿದ್ದರೂ ನಿಮ್ಮ ಸೆನ್ಸರ್‌ನಿಂದ ಸುದ್ದಿ ಬರಲಿಲ್ಲ

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು,
ವೈರ್‌ಲೆಸ್ ಸೆನ್ಸರ್ ಅಳವಡಿಸಿದ ಕಂಪನಿ, ಬೆಂಗಳೂರು

ಇವರಿಂದ,
ಕಾರ್ಯದರ್ಶಿ,
ಅಪಾರ್ಟ್‌ಮೆಂಟ್ ನಿವಾಸಿಗಳ ಸಂಘ, ಉತ್ತರಹಳ್ಳಿ, ಬೆಂಗಳೂರು

ವಿಷಯ: ಮುಖ್ಯ ಎಲ್‌ಟಿ ಪ್ಯಾನೆಲ್‌ನಲ್ಲಿ (ನಮ್ಮ ಬ್ಲಾಕ್‌ಗಳಿಗೆ ಕರೆಂಟ್ ಹಂಚುವ ಪೆಟ್ಟಿಗೆ) ನೀವು ಹಾಕಿದ, ಕಾವು ಅಳೆಯುವ 18 ಸೆನ್ಸರ್‌ಗಳನ್ನು ಸರಿಯಾಗಿ ಮತ್ತೆ ಅಳವಡಿಸುವ ಬಗ್ಗೆ

ಮಾನ್ಯರೇ,

ಹೋದ ಶುಕ್ರವಾರ ರಾತ್ರಿ ಹನ್ನೊಂದೂವರೆಗೆ ನಮ್ಮ ಸೆಕ್ಯೂರಿಟಿಯವರು ನನಗೆ ಫೋನ್ ಮಾಡಿದರು. "ಅಮ್ಮಾ, ಬೇಸ್‌ಮೆಂಟ್‌ನಲ್ಲಿ ಯಾರೋ ಮೀನು ಹುರಿದ ಹಾಗೆ ವಾಸನೆ ಬರ್ತಿದೆ. ಹೋಗಿ ನೋಡಿದರೆ ಯಾರೂ ಇಲ್ಲ" ಅಂದರು. ನಾನು ನಮ್ಮ ಎಲೆಕ್ಟ್ರಿಷಿಯನ್‌ಗೆ ಹೇಳಿದೆ. ಅವರಿಗೆ ಮೀನಿನ ವಾಸನೆ ಅಂದ ತಕ್ಷಣ ಗೊತ್ತಾಯಿತು. ಸ್ವಿಚ್, ಬ್ರೇಕರ್‌ಗಳ ಪ್ಲಾಸ್ಟಿಕ್ ಕಾದಾಗ ಎಷ್ಟೋ ಸಲ ಹಾಗೇ ವಾಸನೆ ಬರುತ್ತದಂತೆ. ಐದು ನಿಮಿಷದಲ್ಲಿ ಅವರು ಪ್ಯಾನೆಲ್ ಬಾಗಿಲು ತೆರೆದಿದ್ದರು.

ಬಿ ಬ್ಲಾಕಿಗೆ ಹೋಗುವ ಕೇಬಲ್‌ನಲ್ಲಿ ಆರ್, ವೈ, ಬಿ ಎಂದು ಮೂರು ಫೇಸ್. ಅದರಲ್ಲಿ ಬಿ ಫೇಸ್ ಲಗ್ (ಕೇಬಲ್ ತುದಿಯನ್ನು ಬೋಲ್ಟ್ ಹಾಕಿ ಬಿಗಿಸುವ ಲೋಹದ ತುಂಡು) ಮೇಲಿನ ನೀಲಿ ಸ್ಲೀವ್ ಕಪ್ಪಾಗಿ, ಬಿರುಕು ಬಿಟ್ಟು, ಸಿಪ್ಪೆ ಎದ್ದಿತ್ತು. ದೂರದಿಂದ ಉಷ್ಣ ಅಳೆಯುವ ಗನ್ ಹಿಡಿದು ನೋಡಿದರು. 118 ಡಿಗ್ರಿ. ಪಕ್ಕದ ಎರಡು ಫೇಸ್ ಲಗ್‌ಗಳು 50ರ ಆಸುಪಾಸು. ಅದು ಎಕ್ಸ್‌ಎಲ್‌ಪಿಇ ಎಂಬ ಪ್ಲಾಸ್ಟಿಕ್ ಹೊದಿಕೆಯ ಕೇಬಲ್. ಲೋಡ್ ಇರುವಷ್ಟು ಹೊತ್ತೂ ಅದು ತಾಳಬಲ್ಲ ಕಾವು 90 ಡಿಗ್ರಿ. ಕೂಡಲೇ ಬಿ ಬ್ಲಾಕಿನ ಬ್ರೇಕರ್ ಇಳಿಸಿದೆವು. 36 ಮನೆಗಳಲ್ಲಿ ಕರೆಂಟ್ ಹೋಯಿತು. ಮೂರನೇ ಮಹಡಿಯಲ್ಲಿ ಆಕ್ಸಿಜನ್ ಯಂತ್ರ ಹಾಕಿಕೊಂಡೇ ಮಲಗುವ ಅಜ್ಜ ಒಬ್ಬರಿದ್ದಾರೆ. ಆ ಮನೆಗೆ ಎ ಬ್ಲಾಕಿನಿಂದ ತಾತ್ಕಾಲಿಕವಾಗಿ ವೈರ್ ಎಳೆದು ಕೊಡುವಷ್ಟರಲ್ಲಿ ನನ್ನ ಕೈಕಾಲು ನಡುಗುತ್ತಿತ್ತು. ಪ್ಯಾನೆಲ್ ರೂಮ್ ಇರುವುದು ಮೆಟ್ಟಿಲ ಪಕ್ಕದಲ್ಲೇ. ಬೆಂಕಿ ಹತ್ತಿದ್ದರೆ ಹೊಗೆ ಅದೇ ಮೆಟ್ಟಿಲಿನಲ್ಲಿ ಮೇಲೇರುತ್ತಿತ್ತು. ಜನ ಇಳಿದು ಬರಬೇಕಾದ ದಾರಿಯೂ ಅದೊಂದೇ.

ಇಷ್ಟೆಲ್ಲ ಆಗುವಾಗ ನಿಮ್ಮ ಕಡೆಯಿಂದ ಒಂದು ಮೆಸೇಜ್ ಇಲ್ಲ, ಒಂದು ಫೋನ್ ಇಲ್ಲ. ಸುಡುತ್ತಿದ್ದ ಅದೇ ಕೇಬಲ್ ಮೇಲೆ ನಿಮ್ಮ ಸೆನ್ಸರ್ ಇತ್ತು.

ಈ ಸೆನ್ಸರ್ ಬೇಕೇ ಬೇಕು ಎಂದು ಸಂಘದ ಸಭೆಯಲ್ಲಿ ಹಟ ಹಿಡಿದವಳು ನಾನೇ. ಮೊದಲೆಲ್ಲ ವರ್ಷಕ್ಕೊಮ್ಮೆ ಥರ್ಮಲ್ ಕ್ಯಾಮೆರಾ ತರಿಸಿ ನೋಡಿಸುತ್ತಿದ್ದೆವು. ಅದು ಒಂದು ದಿನದ, ಅದೂ ಹಗಲು ಹೊತ್ತಿನ ಚಿತ್ರ. ನಮ್ಮಲ್ಲಿ ಲೋಡ್ ಏರುವುದು ರಾತ್ರಿ. ಕೆಲಸದಿಂದ ಬಂದವರು ಹತ್ತು ಗಂಟೆ ಹೊತ್ತಿಗೆ ಕಾರು, ಸ್ಕೂಟರ್ ಚಾರ್ಜಿಗೆ ಹಾಕುತ್ತಾರೆ. ಬಿ ಬ್ಲಾಕಿನಲ್ಲೇ 14 ಚಾರ್ಜರ್ ಇವೆ. ಕರೆಂಟ್ ಎರಡರಷ್ಟಾದರೆ ಜಾಯಿಂಟ್‌ನಲ್ಲಿ ಹುಟ್ಟುವ ಕಾವು ನಾಲ್ಕರಷ್ಟಾಗುತ್ತದೆ. ಒಂದು ಬೋಲ್ಟ್ ಸ್ವಲ್ಪ ಸಡಿಲ ಇದ್ದರೂ ಸಾಕು, ಅಲ್ಲಿ ಕಾಯುತ್ತದೆ. ಕಾದು ಆರಿ, ಕಾದು ಆರಿ ಇನ್ನೂ ಸಡಿಲವಾಗುತ್ತದೆ. ಬ್ರೇಕರ್‌ಗೆ ಇದು ಗೊತ್ತಾಗುವುದಿಲ್ಲ, ಯಾಕೆಂದರೆ ಹರಿಯುವ ಕರೆಂಟ್ ಅದರ ಮಿತಿಯೊಳಗೇ ಇರುತ್ತದೆ. ಅದಕ್ಕೇ ದಿನದ 24 ಗಂಟೆಯೂ ಕಾವು ನೋಡುತ್ತಿರುವ ಸೆನ್ಸರ್ ಬೇಕು ಅಂದೆ. ಜನ ನನ್ನ ಮಾತು ನಂಬಿ ಒಪ್ಪಿದರು. ಒಟ್ಟು ₹2,35,000. ಅದರಲ್ಲಿ ₹1,88,000 ನಿಮಗೆ ತಲುಪಿದೆ.

ಸೆನ್ಸರ್ ಮೇಲೆ ನನಗೆ ಈಗಲೂ ನಂಬಿಕೆ ಇದೆ. ದೂರು ಇರುವುದು ನೀವು ಅದನ್ನು ಹಾಕಿದ ರೀತಿಯ ಬಗ್ಗೆ.

ಸೆನ್ಸರ್ ಹಾಕುವ ದಿನ ಬೆಳಿಗ್ಗೆ ಎರಡು ಗಂಟೆ ಕಾಲ ಕರೆಂಟ್ ತೆಗೆಯುವುದಾಗಿ ಎಲ್ಲ ಮನೆಗಳಿಗೂ ಮೊದಲೇ ತಿಳಿಸಿದ್ದೆವು. ಆದರೆ ಬಂದ ನಿಮ್ಮ ಹುಡುಗರು, "ಶಟ್‌ಡೌನ್ ಎಲ್ಲ ಬೇಡ ಮೇಡಂ, ಲೈವ್‌ನಲ್ಲೇ ಹಾಕಿಬಿಡ್ತೀವಿ, ಸುಮ್ನೆ ಜನಕ್ಕೆ ತೊಂದರೆ" ಅಂದರು. ತಿಳಿದವರು ಹೇಳುತ್ತಿದ್ದಾರೆ ಅಂದುಕೊಂಡು ನಾನು ಒಪ್ಪಿಬಿಟ್ಟೆ. ಲೈವ್ ಇದ್ದಾಗ ಲಗ್ ಹತ್ತಿರ ಕೈ ಹಾಕಲು ಆಗುವುದಿಲ್ಲ, ಹಾಕಲೂ ಬಾರದು. ಹಾಗಾಗಿ ಅವರು ಲಗ್‌ನಿಂದ ಒಂದೂವರೆ ಅಡಿ ಕೆಳಗೆ, ಕೇಬಲ್‌ನ ಇನ್ಸುಲೇಷನ್ ಮೇಲೆ, ಪ್ಲಾಸ್ಟಿಕ್ ಟೈ ಸುತ್ತಿ ಸೆನ್ಸರ್ ಕಟ್ಟಿ ಹೋದರು. 18ಕ್ಕೆ 18 ಸೆನ್ಸರ್‌ಗಳೂ ಹೀಗೇ ಇವೆ. ಕಾವು ಹುಟ್ಟುವುದು ಬೋಲ್ಟ್ ಕೂರುವ ಜಾಗದಲ್ಲಿ. ಅಷ್ಟು ಕೆಳಗೆ ಬರುವಷ್ಟರಲ್ಲಿ ಅದು ಎಷ್ಟೋ ಇಳಿದಿರುತ್ತದೆ. ಮೇಲೆ ಪ್ಲಾಸ್ಟಿಕ್ ಹೊದಿಕೆ ಬೇರೆ. ಲಗ್ 118 ಇದ್ದಾಗ ಅದರ ಸೆನ್ಸರ್ ತೋರಿಸುತ್ತಿದ್ದದ್ದು 62.

ಮರುದಿನ ಕೂತು ನಿಮ್ಮ ಆ್ಯಪ್‌ನ ಹಿಂದಿನ ಲೆಕ್ಕವನ್ನೆಲ್ಲ ನೋಡಿದೆ. ನನಗೆ ಜಾಸ್ತಿ ಸಂಕಟ ಆದದ್ದು ಆಗಲೇ. 11 ದಿನಗಳಿಂದ, ರಾತ್ರಿ ಹತ್ತರ ನಂತರ, ಬಿ ಬ್ಲಾಕಿನ ಆರ್ ಮತ್ತು ವೈ ಫೇಸ್ 43, 44 ತೋರಿಸುತ್ತಿದ್ದರೆ ಬಿ ಫೇಸ್ ಒಂದೇ ಮೇಲೆ ಹೋಗುತ್ತಿತ್ತು. ಮೊದಲು 51. ಆಮೇಲೆ 55, 58, 62. ತಪ್ಪು ಜಾಗದಲ್ಲಿ ಕಟ್ಟಿದ್ದರೂ ಆ ಪುಟ್ಟ ಸೆನ್ಸರ್ ತನ್ನ ಕೈಲಾದಷ್ಟು ಹೇಳಿತ್ತು. ಒಂದೇ ಕೇಬಲ್‌ನ ಮೂರು ಫೇಸ್‌ಗಳಲ್ಲಿ ಒಂದು ಮಾತ್ರ ಹೀಗೆ ಏರಿದರೆ ಅಲ್ಲಿ ಜಾಯಿಂಟ್ ಕೆಟ್ಟಿರಬಹುದು ಎಂದು ನಮ್ಮ ಎಲೆಕ್ಟ್ರಿಷಿಯನ್‌ಗೂ ಗೊತ್ತು. ನಿಮ್ಮ ಆ್ಯಪ್‌ನಲ್ಲಿ ಫೇಸ್‌ಗಳನ್ನು ಹೋಲಿಸಿ ಎಚ್ಚರಿಸುವ ಸೌಲಭ್ಯ ಇದೆ. ಅದನ್ನು ಆಫ್ ಮಾಡಿ ಹೋಗಿದ್ದಾರೆ. ಅಲಾರಂ ಹೊಡೆಯುವ ಗಡಿಯನ್ನು 105 ಡಿಗ್ರಿಗೆ ಇಟ್ಟಿದ್ದಾರೆ. ಕೇಬಲ್ ತಾಳುವುದೇ 90 ಆದರೆ, 105ಕ್ಕೆ ಹೊಡೆಯುವ ಅಲಾರಂ ಯಾರಿಗೆ ಬೇಕು? ಹೇಳಿ.

ಆ ಲೆಕ್ಕವೂ ಪೂರ್ತಿ ಇಲ್ಲ. ನಡುನಡುವೆ ಗಂಟೆಗಟ್ಟಲೆ ಖಾಲಿ. ರಿಸೀವರ್ ಇಟ್ಟಿರುವುದು ಮೇಲೆ, ಸೆಕ್ಯೂರಿಟಿ ರೂಮಿನಲ್ಲಿ. ಪ್ಯಾನೆಲ್ ಉಕ್ಕಿನ ಪೆಟ್ಟಿಗೆ. ನಡುವೆ ಕಾಂಕ್ರೀಟ್ ಸ್ಲ್ಯಾಬ್. ಬಾಗಿಲು ಹಾಕಿದರೆ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಡೆಮೊ ದಿನ ಬಾಗಿಲು ಪೂರ್ತಿ ತೆರೆದಿತ್ತು ಎಂದು ನನಗೆ ಚೆನ್ನಾಗಿ ನೆನಪಿದೆ. 18 ಸೆನ್ಸರ್‌ಗಳ ಪಕ್ಕ 18 ಹಸಿರು ಚುಕ್ಕಿ ನೋಡಿ ನಾವು ಸಹಿ ಹಾಕಿಕೊಟ್ಟೆವು. ಮೊನ್ನೆ ಬಾಗಿಲು ಮುಚ್ಚಿ ಹತ್ತು ನಿಮಿಷ ಕಾದೆವು. ಏಳು ಚುಕ್ಕಿ ಬೂದು ಬಣ್ಣಕ್ಕೆ ತಿರುಗಿದವು.

ಇನ್ನು ಅಲಾರಂ ಹೊಡೆದರೂ ಮೆಸೇಜ್ ಹೋಗುವುದು ಒಂದೇ ನಂಬರ್‌ಗೆ. ಅದು ಅಳವಡಿಸಲು ಬಂದಿದ್ದ ನಿಮ್ಮ ಟೆಕ್ನಿಷಿಯನ್‌ನದು. ಅವರು ಕೆಲಸ ಬಿಟ್ಟು ಎರಡು ತಿಂಗಳಾಯಿತು ಎಂದು ನಿಮ್ಮ ಕಚೇರಿಯಲ್ಲೇ ಹೇಳಿದರು. ನನ್ನ ನಂಬರ್, ಎಲೆಕ್ಟ್ರಿಷಿಯನ್ ನಂಬರ್ ಎರಡನ್ನೂ ಬರೆದುಕೊಂಡು ಹೋಗಿದ್ದರು. ಸೇರಿಸಲೇ ಇಲ್ಲ.

ಒಂದು ವಿಷಯ ಬರೆಯುವಾಗ ಈಗಲೂ ಮೈ ಜುಮ್ ಅನ್ನುತ್ತದೆ. ರಿಸೀವರ್ ಅನ್ನು ಪ್ಯಾನೆಲ್ ಒಳಗೇ ಇಡುವ ಯೋಚನೆಯಲ್ಲಿ ನಿಮ್ಮವರು ಪ್ಯಾನೆಲ್ ತಲೆಯ ಮೇಲೆ ಒಂದು ತೂತು ಕೊರೆದಿದ್ದರು. ಆಮೇಲೆ ಬೇಡ ಅಂದುಕೊಂಡು ಹಾಗೇ ಬಿಟ್ಟರು. ವೈರ್ ಸುತ್ತ ತೂತನ್ನು ಬಿಗಿಯಾಗಿ ಮುಚ್ಚುವ ಗ್ಲ್ಯಾಂಡ್ ಇಲ್ಲ, ಮುಚ್ಚಳ ಇಲ್ಲ. ಶನಿವಾರ ಪೂರ್ತಿ ಕರೆಂಟ್ ತೆಗೆದು ಟಾರ್ಚ್ ಹಾಕಿ ನೋಡಿದಾಗ ಬಸ್‌ಬಾರ್ (ಕರೆಂಟ್ ಹರಿಯುವ ಲೋಹದ ಪಟ್ಟಿ) ಹಿಡಿದಿರುವ ಇನ್ಸುಲೇಟರ್ ಮೇಲೆ ಕೊರೆದ ಕಬ್ಬಿಣದ ಸುರುಳಿ ಚೂರುಗಳು ಕೂತಿದ್ದವು. ನಮ್ಮ ಎಲೆಕ್ಟ್ರಿಷಿಯನ್ ಬ್ರಷ್‌ನಿಂದ ಒಂದೊಂದೇ ತೆಗೆದು ಕಾಗದದಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟರು. 415 ವೋಲ್ಟ್ ಓಡುತ್ತಿರುವ ಪ್ಯಾನೆಲ್ ಮೇಲೆ ನಿಂತು ಡ್ರಿಲ್ ಮಾಡಿದ್ದಾರೆ! ಆ ತೂತಿನಿಂದ ಹಲ್ಲಿ ಒಳಗೆ ಹೋದರೂ ಸಾಕು, ಎರಡು ಫೇಸ್ ಕೂಡಿ ಶಾರ್ಟ್ ಆಗಬಹುದು. ಬೇಸ್‌ಮೆಂಟ್‌ನಲ್ಲಿ ಹಲ್ಲಿಗೇನು ಬರವೇ?

ಒಂದು ಮಾತು ನಮ್ಮ ಕಡೆಯಿಂದಲೂ ಹೇಳಬೇಕು. ಆ ಜಾಯಿಂಟ್ ಕೆಟ್ಟದ್ದು ನಿಮ್ಮಿಂದಲ್ಲ. ಹಳೆಯ ಅಲ್ಯುಮಿನಿಯಂ ಲಗ್ ಅನ್ನು ನೇರವಾಗಿ ತಾಮ್ರದ ಟರ್ಮಿನಲ್‌ಗೆ ಬಿಗಿದಿದ್ದರು, ಅದು ಕಟ್ಟಡ ಕಟ್ಟಿದವರ ತಪ್ಪು. ಶನಿವಾರ ಬೆಳಿಗ್ಗೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲಿ ಅಂಗಡಿ ತೆರೆಯುವುದನ್ನೇ ಕಾದು ಅಲ್ಯುಮಿನಿಯಂ, ತಾಮ್ರ ಎರಡೂ ಸೇರಿಸಿ ಮಾಡಿದ ಬೈಮೆಟಲ್ ಲಗ್ ತಂದು, ಅಳತೆಗೆ ಸರಿಯಾಗಿ ಬಿಗಿಸುವ ಟಾರ್ಕ್ ರೆಂಚ್‌ನಲ್ಲಿ ಬಿಗಿಸಿದ್ದೇವೆ. ಆ ಖರ್ಚು ನಿಮ್ಮಿಂದ ಕೇಳುವುದಿಲ್ಲ. ಜಾಯಿಂಟ್ ಹಾಳಾಗುತ್ತಿದೆ ಎಂದು ನಮಗೆ ಮೊದಲೇ ತಿಳಿಸಲಿ ಎಂದೇ ಅಲ್ವಾ ನಿಮ್ಮನ್ನು ಕರೆಸಿದ್ದು?

ನಮಗೆ ಆಗಬೇಕಾದದ್ದು ಇಷ್ಟು. ಕೆಲಸ ಬಲ್ಲ ಒಬ್ಬ ಎಂಜಿನಿಯರ್ ಜೊತೆಗೆ ಬಂದು, ಭಾನುವಾರ ಬೆಳಿಗ್ಗೆ ಪೂರ್ತಿ ಶಟ್‌ಡೌನ್ ತೆಗೆದುಕೊಂಡು, 18 ಸೆನ್ಸರ್‌ಗಳನ್ನೂ ಲಗ್ ಇರುವ ಜಾಗದಲ್ಲೇ ಕೂರಿಸಿಕೊಡಿ. ನ್ಯೂಟ್ರಲ್‌ಗೆ ಒಂದೂ ಸೆನ್ಸರ್ ಇಲ್ಲ. ಫೇಸ್‌ಗಳ ಲೋಡ್ ಸಮ ಇಲ್ಲದಿದ್ದಾಗ ನ್ಯೂಟ್ರಲ್‌ನಲ್ಲೂ ಕರೆಂಟ್ ಹರಿದು ಅದೂ ಕಾಯುತ್ತದೆ. ಪ್ಯಾನೆಲ್‌ನ ಆರು ಫೀಡರ್ ಕೇಬಲ್‌ಗಳಿಗೆ ಒಂದೊಂದರಂತೆ ಇನ್ನೂ ಆರು ಬೇಕು. ಅದರ ದುಡ್ಡು ಬೇರೆ ಕೊಡುತ್ತೇವೆ. ರಿಸೀವರ್ ಅಥವಾ ಅದರ ಆ್ಯಂಟೆನಾ ಪ್ಯಾನೆಲ್ ರೂಮಿನಲ್ಲೇ ಇರಬೇಕು. ತೂತಿಗೆ ಗ್ಲ್ಯಾಂಡ್ ಹಾಕಿ. ಮೊದಲ ಎಚ್ಚರಿಕೆ 70 ಡಿಗ್ರಿಗೇ ಬರಲಿ. ಒಂದು ಫೇಸ್ ಉಳಿದ ಎರಡಕ್ಕಿಂತ 10 ಡಿಗ್ರಿ ಜಾಸ್ತಿಯಾದರೂ ಬರಲಿ. ಮೆಸೇಜ್ ನಾಲ್ಕು ಜನಕ್ಕೆ ಹೋಗಬೇಕು, ಸೆಕ್ಯೂರಿಟಿ ರೂಮಿನಲ್ಲಿ ಸೈರನ್ ಕೂಗಬೇಕು. ರಾತ್ರಿ ಎಚ್ಚರ ಇರುವವರು ಅವರೇ. ಕೊನೆಗೆ ಶಟ್‌ಡೌನ್ ಇರುವಾಗಲೇ ಒಂದೊಂದೇ ಸೆನ್ಸರ್‌ಗೆ ಬಿಸಿಗಾಳಿ ಹಿಡಿದು, ತಕ್ಷಣ ಪ್ಯಾನೆಲ್ ಬಾಗಿಲು ಮುಚ್ಚಿ, ನಮ್ಮ ಫೋನಿಗೆ ಮೆಸೇಜ್ ಬಂದದ್ದನ್ನು ತೋರಿಸಿ. 24 ಸಲ ಮಾಡಬೇಕಾದರೂ ಸರಿ, ನಾನು ಅಲ್ಲೇ ನಿಂತಿರುತ್ತೇನೆ.

ಇದಾದ ಮೇಲೆ ಬಾಕಿ ₹47,000 ಅದೇ ದಿನ ಕೊಡುತ್ತೇವೆ. ಈ ಪತ್ರ ತಲುಪಿ 15 ದಿನದೊಳಗೆ ಕೆಲಸ ಆಗದಿದ್ದರೆ ಕೊಟ್ಟ ₹1,88,000 ವಾಪಸ್ ಕೇಳುತ್ತೇವೆ. ಅದಕ್ಕೆ ವಕೀಲರ ನೋಟಿಸ್ ಕೊಡಲು ಸಭೆ ಈಗಾಗಲೇ ಒಪ್ಪಿದೆ. ಇನ್ನೊಂದು ಕೋರಿಕೆ. ಇದೇ ಹುಡುಗರು ಬೇರೆ ಅಪಾರ್ಟ್‌ಮೆಂಟ್‌ಗಳಲ್ಲೂ ಸೆನ್ಸರ್ ಹಾಕಿದ್ದರೆ, ದಯವಿಟ್ಟು ಅಲ್ಲಿಗೆ ಈ ವಾರವೇ ಹೋಗಿ ನೋಡಿ. ಅಲ್ಲೂ ಜನ ಹಸಿರು ಚುಕ್ಕಿ ನೋಡಿ ಧೈರ್ಯವಾಗಿ ಮಲಗಿರುತ್ತಾರೆ.

ಸುಟ್ಟ ಲಗ್, ಕತ್ತರಿಸಿ ತೆಗೆದ ಕೇಬಲ್ ತುಂಡು ಮತ್ತು ಕಬ್ಬಿಣದ ಚೂರಿನ ಪೊಟ್ಟಣ ಸಂಘದ ಆಫೀಸಿನಲ್ಲಿವೆ. ನೀವು ಕಳಿಸುವ ಎಂಜಿನಿಯರ್ ಪ್ಯಾನೆಲ್ ರೂಮಿಗೆ ಇಳಿಯುವ ಮೊದಲು ಅವನ್ನು ನೋಡಲಿ.

ಇಂತಿ,
ಕಾರ್ಯದರ್ಶಿ,
ಅಪಾರ್ಟ್‌ಮೆಂಟ್ ನಿವಾಸಿಗಳ ಸಂಘ, ಉತ್ತರಹಳ್ಳಿ

ಲಗತ್ತು: ಲಗ್ ಮತ್ತು ತೂತಿನ ಫೋಟೋಗಳು, 11 ದಿನಗಳ ಆ್ಯಪ್ ಲೆಕ್ಕದ ಪ್ರತಿ, ಹಣ ಕೊಟ್ಟ ರಸೀದಿಗಳು