ಪಟ್ಟಿ ಅಂಟಿಸಿದರೆ ಹಡಗಾಗುವುದಿಲ್ಲ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಮರದ ಹಡಗಿನ ಮಾದರಿಗಳನ್ನು ಕೈಯಲ್ಲೇ ಮಾಡುವ ಹವ್ಯಾಸದ ಬಗ್ಗೆ ಬಂದಿದ್ದ ಬರಹ ಓದಿದೆ. ಖುಷಿಯಾಯಿತು. ಈ ವಿಷಯಕ್ಕೂ ಪತ್ರಿಕೆಯಲ್ಲಿ ಅರ್ಧ ಪುಟ ಸಿಗುತ್ತದೆ ಅಂತ ನಾನು ಅಂದುಕೊಂಡೇ ಇರಲಿಲ್ಲ. ಆದರೆ ಎರಡು ತಕರಾರುಗಳಿವೆ. ಒಂದು ಸಣ್ಣದು, ಇನ್ನೊಂದು ದೊಡ್ಡದು.

ಸಣ್ಣದನ್ನು ಮೊದಲು ಹೇಳಿಬಿಡುತ್ತೇನೆ. ಬರಹದ ಜೊತೆ ಹಾಕಿದ್ದ ಫೋಟೊದಲ್ಲಿ ಹಾಯಿಗಳೆಲ್ಲ ಗಾಳಿ ತುಂಬಿಕೊಂಡು ಮುಂದಕ್ಕೆ ಉಬ್ಬಿವೆ. ಬಾವುಟ ಮಾತ್ರ ಹಿಂದಕ್ಕೆ ಹಾರುತ್ತಿದೆ. ಗಾಳಿ ಹಿಂದಿನಿಂದ ಬೀಸಿದರೆ ತಾನೇ ಹಾಯಿ ಹಾಗೆ ಉಬ್ಬುವುದು? ಅಂದ ಮೇಲೆ ಬಾವುಟವೂ ಮುಂದಕ್ಕೇ ಹಾರಬೇಕು ಅಲ್ವಾ? ಕಾರಿಗೆ ಕಟ್ಟಿದ ಬಾವುಟ ನೋಡಿ ನೋಡಿ ನಮ್ಮ ಕಣ್ಣಿಗೆ ಹಿಂದಕ್ಕೆ ಹಾರುವುದೇ ಸರಿ ಅನ್ನಿಸಿಬಿಟ್ಟಿದೆ. ಕಾರಿಗೆ ಎಂಜಿನ್ ಇದೆ. ಹಾಯಿ ಹಡಗಿಗೆ ಗಾಳಿಯೇ ಎಂಜಿನ್. ಹೋಗಲಿ ಬಿಡಿ, ನನ್ನ ಮೊದಲ ಹಡಗಿಗೆ ಕತ್ತರಿಸಿಟ್ಟ ಬಾವುಟವೂ ಹಾಗೇ ಇತ್ತು.

ಈಗ ದೊಡ್ಡದು. ಬರಹದಲ್ಲಿ ಉಪಕರಣಗಳ ಬಗ್ಗೆ ಎರಡು ಪ್ಯಾರಾ ಇದೆ, ಹಗ್ಗ ಕಟ್ಟುವ ಬಗ್ಗೆ ಒಂದು ಇದೆ, ಗಾಜಿನ ಪೆಟ್ಟಿಗೆಯ ಬಗ್ಗೆಯೂ ಇದೆ. ಆದರೆ ಹಡಗಿನ ಒಡಲಿಗೆ ಹಲಗೆ ಹೊದಿಸುವ ಕೆಲಸಕ್ಕೆ ಸಿಕ್ಕಿದ್ದು ಒಂದೇ ವಾಕ್ಯ. ಚೌಕಟ್ಟು ತಯಾರಾದ ಮೇಲೆ ಮರದ ಪಟ್ಟಿಗಳನ್ನು ಒಂದರ ಪಕ್ಕ ಒಂದು ಅಂಟಿಸಿಕೊಂಡು ಹೋದರೆ ಆಯಿತು ಅನ್ನುವ ಅರ್ಥದ್ದು. ಆ ವಾಕ್ಯ ಓದಿ ನನಗೆ ನಗು ಬಂತು, ಆಮೇಲೆ ಸ್ವಲ್ಪ ಸಿಟ್ಟೂ ಬಂತು. ಯಾಕೆಂದರೆ ನನ್ನ ಮೊದಲ ಹಡಗಿನ ಕೈಪಿಡಿಯಲ್ಲೂ ಹೆಚ್ಚುಕಡಿಮೆ ಅಷ್ಟೇ ಬರೆದಿತ್ತು. ಅದನ್ನು ನಂಬಿ ಶುರು ಮಾಡಿದ ಹಡಗು ಆರು ವರ್ಷದಿಂದ ಅಟ್ಟದ ಮೇಲಿದೆ.

ಮರದ ಪಟ್ಟಿ ಎರಡು ರೀತಿ ಬಾಗಬೇಕಾಗುತ್ತದೆ. ಅಗಲದ ಮೈ ಮೇಲೆ ಬಾಗು ಅಂದರೆ ಬಾಗುತ್ತದೆ. ಅಂಚಿನ ಕಡೆಗೆ ಬಾಗು ಅಂದರೆ ಬಾಗಲ್ಲ, ಬಲವಂತ ಮಾಡಿದರೆ ತಿರುಚಿಕೊಂಡು ಒಂದು ಅಂಚು ಎದ್ದು ನಿಲ್ಲುತ್ತದೆ. ಮನೆಯಲ್ಲಿ ಒಂದು ಚೆಂಡು ಇದ್ದರೆ ಅದಕ್ಕೆ ಕಾಗದದ ಪಟ್ಟಿಗಳನ್ನು ಅಕ್ಕಪಕ್ಕ ಅಂಟಿಸಿ ನೋಡಿ. ನಡುವಿನಲ್ಲಿ ಚೆನ್ನಾಗಿ ಕೂರುತ್ತವೆ, ತುದಿಗೆ ಬರುತ್ತಾ ಒಂದರ ಮೇಲೊಂದು ಹತ್ತುತ್ತವೆ. ಹಡಗಿನ ಒಡಲೂ ಅಷ್ಟೇ. ನಡುವೆ ದಪ್ಪ ಹೊಟ್ಟೆ, ಮೂತಿಯ ಹತ್ತಿರ ಸಣ್ಣ.

ಲೆಕ್ಕ ಹಾಕಿದರೆ ಸರಿಯಾಗಿ ಗೊತ್ತಾಗುತ್ತದೆ. ಹಡಗಿನ ನಡುವಿನಲ್ಲಿ ಮೇಲಿನ ಅಂಚಿನಿಂದ ಅಡಿಯ ಕೀಲ್‌ವರೆಗೆ (ತಳದ ಉದ್ದಕ್ಕೂ ಹೋಗುವ ಮರ) ಮೈಗುಂಟ ಅಳೆದಾಗ 120 ಮಿಲಿಮೀಟರ್ ಬಂತು ಅಂದುಕೊಳ್ಳಿ. ಪಟ್ಟಿ 5 ಮಿ.ಮೀ. ಅಗಲದ್ದು. ಅಲ್ಲಿಗೆ 24 ಪಟ್ಟಿ ಬೇಕು. ಅದೇ ಮೂತಿಯ ಹತ್ತಿರ ಅಳೆದರೆ 72 ಮಿ.ಮೀ. ಮಾತ್ರ. ಅದೇ 24 ಪಟ್ಟಿ ಅಲ್ಲಿಯೂ ಹೋಗಿ ಸೇರಬೇಕು. ಅಂದರೆ ಅಲ್ಲಿ ಒಂದೊಂದೂ 3 ಮಿ.ಮೀ.ಗೆ ಇಳಿಯಬೇಕು. ಹಾಗಾಗಿ ಪ್ರತಿ ಪಟ್ಟಿಯನ್ನೂ ಮೊದಲೇ ಮೂತಿಯ ಕಡೆಗೆ ಕಿರಿದಾಗುವಂತೆ ಕೀಸಬೇಕು. ಪೀಪಾಯಿಯ ಹಲಗೆ ನೋಡಿದ್ದೀರಾ, ನಡುವೆ ಅಗಲ, ತುದಿಗೆ ಸಣ್ಣ, ಅದೇ ಉಪಾಯ. ಹಿಂಬದಿಯಲ್ಲಿ ಇದರ ಉಲ್ಟಾ ಆಗುವುದುಂಟು. ಅಲ್ಲಿ ಜಾಗ ಜಾಸ್ತಿಯಾಗಿ ಪಟ್ಟಿ ಸಾಲುವುದಿಲ್ಲ, ನಡುವೆ ಬೆಣೆಯಾಕಾರದ ತುಂಡು ತೂರಿಸಬೇಕು. ಒಂದು ಎಚ್ಚರಿಕೆ: ಪಟ್ಟಿಯನ್ನು ಅದರ ಅರ್ಧ ಅಗಲಕ್ಕಿಂತ ಕಡಿಮೆಗೆ ಕೀಸಬಾರದು. ಸೂಜಿಯಂತಾದ ತುದಿ ಎಲ್ಲಿಯೂ ಹಿಡಿದುಕೊಳ್ಳುವುದಿಲ್ಲ, ನೋಡಲೂ ಚೆನ್ನಾಗಿರುವುದಿಲ್ಲ.

ಇದ್ಯಾವುದೂ ನನಗೆ ಗೊತ್ತಿರಲಿಲ್ಲ. ಅಗಲ ಕಡಿಮೆ ಮಾಡದೆ ಪಟ್ಟಿ ಪಟ್ಟಿ ಅಂಟಿಸುತ್ತಾ ಹೋದೆ. ಏಳನೆಯ ಪಟ್ಟಿಗೆ ಮೂತಿ ಬಳಿ ಕಷ್ಟ ಶುರುವಾಯಿತು. ಹತ್ತನೆಯದನ್ನು ಬಟ್ಟೆ ಕ್ಲಿಪ್ಪು, ಗುಂಡುಸೂಜಿ, ಕೊನೆಗೆ ನನ್ನ ಹೆಬ್ಬೆರಳು, ಎಲ್ಲ ಸೇರಿಸಿ ಒತ್ತಿ ಹಿಡಿದೆ. ಹೆಬ್ಬೆರಳು ಅಲ್ಲೇ ಅಂಟಿಕೊಂಡಿತು. ಬೇಗ ಹಿಡಿಯಲಿ ಅಂತ ಸೂಪರ್ ಗ್ಲೂ ಹಾಕಿದ್ದೆ ನೋಡಿ. ಬಿಡಿಸಿಕೊಳ್ಳುವಾಗ ಚರ್ಮದ ಜೊತೆ ಪಟ್ಟಿಯೂ ಎದ್ದು ಬಂತು, ಅದರ ಜೊತೆ ಎಂಟು ಮತ್ತು ಒಂಬತ್ತನೆಯದೂ ಬಂದವು.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು. ಉತ್ಸಾಹದಲ್ಲಿ ಒಂದೇ ಮಗ್ಗುಲು ಪೂರ್ತಿ ಮುಗಿಸೋಣ ಅಂತ ಹೊರಟಿದ್ದೆ. ಬಾಗಿಸಿ ಅಂಟಿಸಿದ ಪ್ರತಿ ಪಟ್ಟಿಯೂ ನೆಟ್ಟಗಾಗಬೇಕು ಅಂತ ಎಳೆಯುತ್ತಲೇ ಇರುತ್ತದೆ. ಒಂದೇ ಕಡೆ ಹತ್ತು ಪಟ್ಟಿ ಎಳೆದರೆ ಚೌಕಟ್ಟಿನ ನಡುವೆ ಉದ್ದಕ್ಕೆ ನಿಲ್ಲುವ ಬೆನ್ನುಹಲಗೆ ಅತ್ತ ವಾಲುತ್ತದೆ. ಒಂದು ರಾತ್ರಿ ಹಡಗನ್ನು ತಲೆಕೆಳಗು ಮಾಡಿ ಮೂತಿಯಿಂದ ಒಂದು ಕಣ್ಣು ಮುಚ್ಚಿ ನೋಡಿದೆ. ಕೀಲ್ ಬಿಲ್ಲಿನ ಹಾಗೆ ಬಾಗಿತ್ತು. ಸ್ಕೇಲ್ ಇಟ್ಟು ಅಳೆದರೆ ನಡುವಿನಲ್ಲಿ 4 ಮಿ.ಮೀ. ಸಂದು. ಮಗಳು ಬಂದು ನೋಡಿ, "ಅಪ್ಪಾ, ಇದನ್ನ ನೀರಿಗೆ ಬಿಟ್ರೆ ಒಂದು ಸುತ್ತು ಹೊಡೆದು ವಾಪಸ್ ನಮ್ಮ ಹತ್ರಾನೇ ಬರುತ್ತೆ" ಅಂದಳು. ಅವತ್ತೇ ಅದು ಅಟ್ಟ ಸೇರಿತು. ಈಗ ಎಡಕ್ಕೊಂದು ಬಲಕ್ಕೊಂದು ಅಂತ ಜೋಡಿಯಾಗಿಯೇ ಅಂಟಿಸುತ್ತೇನೆ. ಹೇಳಿದರೆ ಎಷ್ಟು ಸುಲಭದ ಮಾತು!

ನಿಜವಾದ ಹಡಗುಗಳಲ್ಲೂ ಎರಡು ಮಗ್ಗುಲು ಹೊಂದದೆ ಇದ್ದದ್ದು ಉಂಟು ಅನ್ನುವುದು ಆಮೇಲೆ ಓದಿ ತಿಳಿಯಿತು. ಸ್ವೀಡನ್ನಿನ ವಾಸಾ ಹಡಗು 1628ರಲ್ಲಿ ಮೊದಲ ಯಾನಕ್ಕೆ ಹೊರಟು, ಬಂದರಿನ ಹತ್ತಿರವೇ ವಾಲಿ ಮುಳುಗಿತು. 1961ರಲ್ಲಿ ಅದನ್ನು ಮೇಲಕ್ಕೆತ್ತಿದರು. ಅಳೆದು ನೋಡಿದರೆ ಎಡ ಬಲ ಒಂದೇ ಅಳತೆಯಲ್ಲಿಲ್ಲ. ಹಡಗಿನೊಳಗೆ ಬಡಗಿಗಳ ನಾಲ್ಕು ಅಳತೆಕೋಲುಗಳೂ ಸಿಕ್ಕವು. ಎರಡರಲ್ಲಿ ಅಡಿಗೆ 12 ಇಂಚು, ಅದು ಸ್ವೀಡನ್ ಅಳತೆ. ಇನ್ನೆರಡರಲ್ಲಿ 11 ಇಂಚು, ಅದು ಆಮ್‌ಸ್ಟರ್‌ಡ್ಯಾಂ ಅಳತೆ. ಮುಳುಗಿದ್ದಕ್ಕೆ ಮುಖ್ಯ ಕಾರಣ ಮೇಲ್ಭಾಗದ ಭಾರ ಜಾಸ್ತಿಯಾಗಿದ್ದು, ಅಳತೆಕೋಲಲ್ಲ. ಆದರೂ ಇದನ್ನು ಓದಿದ ದಿನ ನನಗೆ ಒಳಗೊಳಗೇ ಸಮಾಧಾನವಾಯಿತು ಅಂತ ಒಪ್ಪಿಕೊಳ್ಳುತ್ತೇನೆ. ರಾಜನ ಬಡಗಿಗಳಿಗೇ ಹಾಗಾಗಿತ್ತು, ನಾನ್ಯಾವ ಲೆಕ್ಕ.

ಪಟ್ಟಿ ಅಂಟಿಸುವ ಮೊದಲು ಇನ್ನೊಂದು ಕೆಲಸ ಇದೆ. ಅದು ನಿಮ್ಮ ಬರಹದಲ್ಲಿ ಇರಲೇ ಇಲ್ಲ. ಬೆನ್ನುಹಲಗೆಗೆ ಅಡ್ಡಡ್ಡ ಕೂರಿಸಿದ ಪಕ್ಕೆಹಲಗೆಗಳ ಅಂಚು ಲೇಸರ್‌ನಲ್ಲಿ ಕತ್ತರಿಸಿದಾಗ ಚೌಕಾಗಿರುತ್ತದೆ. ಮೂತಿಯ ಹತ್ತಿರ ಪಟ್ಟಿ ಓರೆಯಾಗಿ ಬರುವುದರಿಂದ ಆ ಚೌಕ ಅಂಚಿನ ಒಂದು ಮೂಲೆ ಮಾತ್ರ ಪಟ್ಟಿಗೆ ತಾಗುತ್ತದೆ. ಅಷ್ಟು ಜಾಗಕ್ಕೆ ಅಂಟು ಹಿಡಿಯುತ್ತದಾ? ಇಲ್ಲ. ಹಾಗಾಗಿ ಅಂಚುಗಳನ್ನೆಲ್ಲ ಒಡಲಿನ ತಿರುವಿಗೆ ಸರಿಯಾಗಿ ಓರೆ ಮಾಡಿಕೊಳ್ಳಬೇಕು. ಒಂದು ಚಪ್ಪಟೆ ಕೋಲಿಗೆ ಉಪ್ಪುಕಾಗದ ಅಂಟಿಸಿ, ಒಟ್ಟಿಗೆ ಮೂರು ನಾಲ್ಕು ಪಕ್ಕೆಹಲಗೆಗಳ ಮೇಲೆ ಸಾಗುವಂತೆ ಉದ್ದಕ್ಕೆ ಉಜ್ಜಬೇಕು. ನಡುನಡುವೆ ಒಂದು ತೆಳು ಪಟ್ಟಿಯನ್ನು ಸುಮ್ನೆ ಇಟ್ಟು ನೋಡುತ್ತಿರಬೇಕು. ಎಲ್ಲಿಯೂ ಸಂದು ಕಾಣದೆ, ಎಲ್ಲಿಯೂ ಉಬ್ಬದೆ ಅದು ಒಂದೇ ಸಮ ಕೂತರೆ ಕೆಲಸ ಮುಗಿಯಿತು ಅಂತ ಅರ್ಥ. ನನಗೆ ಇದಕ್ಕೆ ಎರಡು ವಾರದ ಸಂಜೆಗಳು ಬೇಕಾದವು. ಮನೆ ತುಂಬ ಮರದ ಪುಡಿ. ನೋಡಿದವರಿಗೆ ಹಡಗು ಒಂದಿಂಚೂ ಮುಂದೆ ಹೋದಂತೆ ಕಾಣಲಿಲ್ಲ.

ನೀರಿನಲ್ಲಿ ನೆನೆಸುವ ವಿಷಯವೂ ಹಾಗೇ. ಪಟ್ಟಿಯನ್ನು ಅರ್ಧ ಗಂಟೆ ನೆನೆಸಿದರೆ ಚೆನ್ನಾಗಿ ಬಾಗುತ್ತದೆ, ನಿಜ. ಆದರೆ ಒದ್ದೆಯಾದ ಮರ ಅಗಲಕ್ಕೆ ಹಿಗ್ಗಿರುತ್ತದೆ. ಹಾಗೇ ಅಂಟಿಸಿದರೆ ಅವತ್ತು ಬಹಳ ಅಂದವಾಗಿ ಕಾಣುತ್ತದೆ, ನಾಲ್ಕು ದಿನ ಬಿಟ್ಟು ಒಣಗಿದ ಮೇಲೆ ಪ್ರತಿ ಎರಡು ಪಟ್ಟಿಗಳ ನಡುವೆ ಕೂದಲೆಳೆಯಷ್ಟು ಬಿರುಕು ಕಾಣಿಸುತ್ತದೆ. ಒದ್ದೆ ಇರುವಾಗ ಬಾಗಿಸಿ ಕ್ಲಿಪ್ ಹಾಕಿ, ರಾತ್ರಿಯಿಡೀ ಒಣಗಲು ಬಿಟ್ಟು, ಬೆಳಗ್ಗೆ ಬಿಚ್ಚಿ, ಆಮೇಲೆ ಅಂಟಿಸಬೇಕು. ಅದೂ ಬಿಳಿ ಅಂಟಿನಲ್ಲಿ. ತಪ್ಪಾದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟರೆ ಮೆತ್ತಗಾಗಿ ಬಿಡಿಸಿಕೊಳ್ಳುತ್ತದೆ. ಸೂಪರ್ ಗ್ಲೂ ಹೊರಮೈಗೆ ತಾಗಿದರೆ ಆ ಜಾಗಕ್ಕೆ ಬಣ್ಣದ ಪಾಲಿಶ್ ಹಿಡಿಯುವುದಿಲ್ಲ, ಬಿಳಿಚಿದ ಕಲೆ ಹಾಗೇ ಉಳಿಯುತ್ತದೆ. ನನ್ನ ಹೆಬ್ಬೆರಳಿನ ಗುರುತು ಈಗಲೂ ಆ ಹಡಗಿನ ಮೇಲಿದೆ.

ಮರದ ಬಗ್ಗೆ ಒಂದು ಮಾತು. ಅಸಲಿ ಹಡಗು ಓಕ್ ಮರದ್ದಾದರೆ ಮಾದರಿಯನ್ನೂ ಓಕ್‌ನಲ್ಲೇ ಮಾಡಿದರೆ ಚೆನ್ನ ಅಂತ ನಿಮ್ಮ ಬರಹ ಹೇಳುತ್ತದೆ. ಕೇಳಲು ಸರಿ ಅನ್ನಿಸುತ್ತದೆ. ಆದರೆ ಹಡಗು ಚಿಕ್ಕದಾದಾಗ ಮರದ ರಂಧ್ರ, ಗೆರೆ ಚಿಕ್ಕದಾಗುವುದಿಲ್ಲವಲ್ಲ! 48ರಲ್ಲಿ ಒಂದು ಪಾಲಿನ ಮಾದರಿಯಲ್ಲಿ ಓಕ್‌ನ ಒಂದು ಸಣ್ಣ ಗೆರೆ ಅಸಲಿ ಹಡಗಿನ ದೊಡ್ಡ ಸೀಳಿನ ಹಾಗೆ ಕಾಣುತ್ತದೆ. ಅದಕ್ಕೇ ಪೇರ್, ಬಾಕ್ಸ್‌ವುಡ್, ಚೆರಿಯಂಥ ನಯವಾದ, ಗೆರೆ ಎದ್ದು ಕಾಣದ ಮರ ಹುಡುಕುವುದು. ಬ್ರಿಟಿಷ್ ನೌಕಾಪಡೆಗಾಗಿ 17 ಮತ್ತು 18ನೇ ಶತಮಾನದಲ್ಲಿ ಮಾಡಿದ ಮಾದರಿಗಳು ಹೆಚ್ಚಾಗಿ ಇದೇ 48ರಲ್ಲಿ ಒಂದು ಪಾಲಿನವು. ಅವುಗಳಲ್ಲಿ ಎಷ್ಟೋ ಮಾದರಿಗಳ ಕೆಳಭಾಗಕ್ಕೆ ಹಲಗೆ ಹೊದಿಸದೆ ಒಳಗಿನ ಪಕ್ಕೆಲುಬು ಕಾಣುವಂತೆ ಬಿಟ್ಟಿದ್ದಾರೆ. ಅಷ್ಟು ದೊಡ್ಡ ಕುಶಲಿಗಳು ಬೇಕೆಂದೇ ಬಿಟ್ಟಿದ್ದು, ಗೊತ್ತು. ಆದರೂ ಪಟ್ಟಿ ಕೀಸುತ್ತಾ ಕೂತಾಗಲೆಲ್ಲ ನನಗೆ ಅವರ ಮೇಲೆ ಹೊಟ್ಟೆಕಿಚ್ಚು.

ಮರ ಸಿಗದವರು ಏನು ಮಾಡಿದರು ಅನ್ನುವುದನ್ನೂ ನೀವು ಬರೆದಿದ್ದರೆ ಚೆನ್ನಾಗಿತ್ತು. ನೆಪೋಲಿಯನ್ ಕಾಲದ ಯುದ್ಧಗಳಲ್ಲಿ ಸೆರೆಸಿಕ್ಕ ಫ್ರೆಂಚರು ಇಂಗ್ಲೆಂಡಿನ ನಾರ್ಮನ್ ಕ್ರಾಸ್‌ನಂಥ ಸೆರೆಶಿಬಿರಗಳಲ್ಲಿ ವರ್ಷಗಟ್ಟಲೆ ಇದ್ದರು. ಊಟದಲ್ಲಿ ಉಳಿದ ಮೂಳೆಗಳನ್ನು ಬೇಯಿಸಿ, ಬಿಳುಪು ಮಾಡಿ, ತೆಳುವಾಗಿ ಸೀಳಿ ಹಲಗೆ ಮಾಡಿಕೊಂಡರು. ಕೂದಲಿನಲ್ಲಿ ಹಗ್ಗ ಹೊಸೆದರು. ಹಾಗೆ ಮಾಡಿದ ಹಡಗುಗಳನ್ನು ಶಿಬಿರದ ಬಾಗಿಲ ಬಳಿಯ ಸಂತೆಯಲ್ಲಿ ಮಾರಿದರು. ಮೂಳೆ ಮರದಷ್ಟು ಸಲೀಸಾಗಿ ಬಾಗುವುದಿಲ್ಲ. ಅವರು ಮೂತಿ ಹೇಗೆ ಕೂರಿಸಿದರೋ ಅಂತ ನಾನು ಫೋಟೊಗಳನ್ನು ದೊಡ್ಡದು ಮಾಡಿ ಮಾಡಿ ನೋಡಿದ್ದೇನೆ.

ಕೊನೆಗೆ, ಯಾವ ಹಡಗಿನಿಂದ ಶುರು ಮಾಡಬೇಕು ಅನ್ನುವ ವಿಷಯ. ಹೊಸಬರಿಗೆ ನೀವು ಸೂಚಿಸಿದ್ದು ಎಚ್‌ಎಂಎಸ್ ವಿಕ್ಟರಿ. 1765ರಲ್ಲಿ ನೀರಿಗಿಳಿದ ಬ್ರಿಟಿಷ್ ಯುದ್ಧಹಡಗು, 104 ಫಿರಂಗಿ, ಹಾಯಿ ಕಟ್ಟುವ ಮೂರು ಕೂವೆಮರ. ಫಿರಂಗಿ ಸಾಲು ನಿಲ್ಲಿಸುವ ಅಟ್ಟದ ಉದ್ದವೇ 186 ಅಡಿ. 72ರಲ್ಲಿ ಒಂದು ಪಾಲಿಗೆ ಇಳಿಸಿದರೂ 31 ಇಂಚು ಬರುತ್ತದೆ. ಆ ಅಳತೆಯಲ್ಲಿ ಆರಡಿ ಮನುಷ್ಯ ಒಂದಿಂಚು ಇರುತ್ತಾನೆ. 104 ಫಿರಂಗಿಗೂ ಗಾಲಿ, ಹಗ್ಗ ಎಲ್ಲ ಅವನ ಕೈಗೆ ಸರಿಹೊಂದುವ ಹಾಗೆ ಮಾಡಿಕೊಂಡು ಕೂರಬೇಕು. ಇದನ್ನು ಮೊದಲ ಹಡಗು ಅಂತ ಕೈಗೆತ್ತಿಕೊಂಡವರಲ್ಲಿ ಎಷ್ಟು ಜನ ಮುಗಿಸುತ್ತಾರೆ ಅಂತ ನನಗೆ ಅನುಮಾನ. ನನ್ನದೂ ಮೂರು ಕೂವೆಮರದ ಹಡಗೇ ಆಗಿತ್ತು, ಕೂವೆಮರದವರೆಗೆ ನಾನು ಹೋಗಲೇ ಇಲ್ಲ.

ಎರಡನೆಯ ಸಲ ಲಾಂಗ್‌ಬೋಟ್ ಮಾಡಿದೆ. ದೊಡ್ಡ ಹಡಗುಗಳು ಜೊತೆಯಲ್ಲಿ ಒಯ್ಯುತ್ತಿದ್ದ ದೋಣಿ. ಮಾದರಿ ಒಂದು ಗೇಣು ಉದ್ದವೂ ಇರಲಿಲ್ಲ. ಒಂದೇ ಕೂವೆಮರ, ಫಿರಂಗಿ ಇಲ್ಲ, ಮೇಲೆ ಅಟ್ಟವೂ ಇಲ್ಲ. ಒಳಗೂ ಹೊರಗೂ ಹಲಗೆ ಕಾಣುವುದರಿಂದ ತಪ್ಪು ಮುಚ್ಚಿಡಲು ಜಾಗವಿಲ್ಲ. ಒಂದು ಕಡೆಗೆ ಹತ್ತೇ ಪಟ್ಟಿ. ಒಂದೊಂದನ್ನೂ ಅಳೆದು, ಕೀಸಿ, ನೆನೆಸಿ, ಒಣಗಿಸಿ ಕೂರಿಸಿದೆ. ಎರಡು ಪಟ್ಟಿ ಕೆಟ್ಟವು, ಕಿತ್ತು ಬೇರೆ ಹಾಕಿದೆ. ಹತ್ತನೆಯದು ಕೀಲ್ ಪಕ್ಕದ ಸಂದಿಗೆ ಇಳಿದು ಟಕ್ ಅಂತ ಕೂತಾಗ ರಾತ್ರಿ ಒಂದು ಗಂಟೆ, ಮನೆಯವರನ್ನು ಎಬ್ಬಿಸಿ ತೋರಿಸಿದೆ. ಯಾರೂ ಅಷ್ಟೇನು ಮೆಚ್ಚಲಿಲ್ಲ ಅನ್ನಿ.

ನನ್ನ ಕೋರಿಕೆ ಇಷ್ಟೇ. ಮತ್ತೆ ಈ ವಿಷಯ ಬರೆಸುವುದಾದರೆ ಮುಗಿದ ಹಡಗಿನ ಫೋಟೊ ಒಂದು ಸಾಕು. ಇನ್ನೊಂದನ್ನು ಹಲಗೆ ಅರ್ಧ ಹೊದಿಸಿರುವ ಹಡಗಿನದು ಹಾಕಿ, ಮೂತಿಯ ಹತ್ತಿರದಿಂದ ತೆಗೆದದ್ದು, ಪಟ್ಟಿಗಳು ಕಿರಿದಾಗುತ್ತಾ ಬಂದು ಸೇರುವ ಜಾಗ ಕಾಣುವ ಹಾಗೆ. ಬೇಕಿದ್ದರೆ ಅಟ್ಟದ ಮೇಲಿರುವ ನನ್ನ ಹಡಗನ್ನೂ ಕೊಡುತ್ತೇನೆ, ಹೇಗೆ ಮಾಡಬಾರದು ಅಂತ ತೋರಿಸಲಿಕ್ಕೆ. ಬಾವುಟ ಇನ್ನೂ ಕಟ್ಟಿಲ್ಲ, ಯಾವ ಕಡೆಗೆ ಬೇಕಾದರೂ ಹಾರಿಸಿಕೊಳ್ಳಬಹುದು.

ಇಂತಿ,
ನಿಮ್ಮ ಓದುಗ