ಕೂಸು ಹುಟ್ಟುವ ಮುನ್ನ ಹೊಲಿಸಿದ ಕುಲಾವಿ

ಪ್ರಿಯ ಗೆಳೆಯ,

ನಿನ್ನ ಪತ್ರಕ್ಕೆ ಉತ್ತರಿಸಲು ತಡವಾಯಿತು, ಕ್ಷಮಿಸು. 2021ರ ಆಗಸ್ಟಿನಲ್ಲಿ ಕಾಬೂಲು ಕಾದಾಟವೇ ಇಲ್ಲದೆ ತಾಲಿಬಾನಿನ ವಶವಾದುದನ್ನು ನೆನೆದು, ಸಂಪ್ರದಾಯವನ್ನು ಬಿಡಲೊಲ್ಲದ ಜನ ತಮ್ಮ ದೇಶವನ್ನು ಕಾಯಲಾರರು ಎಂದು ನೀನು ಬರೆದಿದ್ದೀಯೆ. ಮಾತು ಓದುವುದಕ್ಕೆ ಚೆನ್ನಾಗಿದೆ. ಆದರೆ ಅದೇ ಕಾಬೂಲು 1929ರಲ್ಲಿ ಒಮ್ಮೆ ಬಿದ್ದ ಬಗೆಯನ್ನು ನೋಡಿದವರು ಅದನ್ನು ಅಷ್ಟು ಸಲೀಸಾಗಿ ಒಪ್ಪಲಾರರು.

ಅಮಾನುಲ್ಲಾ ಖಾನ್ 1919ರ ಫೆಬ್ರವರಿಯಲ್ಲಿ ಅಫ್ಘಾನಿಸ್ತಾನದ ಪಟ್ಟಕ್ಕೆ ಬಂದಾಗ ಅವನಿಗೆ ಇಪ್ಪತ್ತಾರು ವರ್ಷ. ಮೂರೇ ತಿಂಗಳಲ್ಲಿ ಬ್ರಿಟಿಷರ ಮೇಲೆ ಯುದ್ಧ ಹೂಡಿದ. ಅವನ ಸೈನ್ಯ ಖೈಬರಿನಲ್ಲಿ ಸೋತಿತು, ಕಾಬೂಲಿನ ಮೇಲೆ ಬ್ರಿಟಿಷ್ ವಿಮಾನ ಬಾಂಬು ಹಾಕಿತು. ಆದರೂ ಆಗಸ್ಟಿನ ರಾವಲ್ಪಿಂಡಿ ಒಪ್ಪಂದದಲ್ಲಿ ವಿದೇಶಾಂಗ ವ್ಯವಹಾರದ ಸ್ವಾತಂತ್ರ್ಯ ಅವನ ಕೈಸೇರಿತು. ಇದರಲ್ಲಿ ಗಡಿಯ ಬುಡಕಟ್ಟುಗಳ ಪಾಲು ದೊಡ್ಡದು. ಸಂಬಳದ ಸಿಪಾಯಿಗಳು ಹಿಮ್ಮೆಟ್ಟಿದ ಹೊತ್ತಿನಲ್ಲಿ ಬಂದೂಕು ಹಿಡಿದು ಬೆಟ್ಟ ಇಳಿದವರು ಆ ಜನ, ಮತ್ತು ಅವರನ್ನು ಎಬ್ಬಿಸಿದವರು ಮುಲ್ಲಾಗಳು. ಎಂದರೆ ಆ ದೇಶದ ರಕ್ಷಣೆ ನಿಂತಿದ್ದುದೇ, ನೀನು ದೂರುವ ಸಂಪ್ರದಾಯದ ಮೇಲೆ.

ಸ್ವಾತಂತ್ರ್ಯಕ್ಕೆ ಬೆಲೆಯೂ ಇತ್ತು. ಬ್ರಿಟಿಷರು ಕೊಡುತ್ತಿದ್ದ ವಾರ್ಷಿಕ ಸಹಾಯಧನ ನಿಂತುಹೋಯಿತು. ಶಾಲೆ, ರಸ್ತೆ, ಕಾಬೂಲಿನ ಹೊರಗೆ ಕಟ್ಟತೊಡಗಿದ ದಾರುಲ್ ಅಮಾನ್ ಎಂಬ ಹೊಸ ರಾಜಧಾನಿ, ಎಲ್ಲಕ್ಕೂ ರೈತನ ತೆರಿಗೆಯಿಂದಲೇ ಹಣ ಬರಬೇಕಾಯಿತು. ಅತ್ತ ಸೈನ್ಯದ ವೆಚ್ಚವನ್ನು ಕಡಿಮೆ ಮಾಡಿದರು. ಇದನ್ನು ವಿರೋಧಿಸಿದ ಯುದ್ಧಮಂತ್ರಿ ನಾದಿರ್ ಖಾನ್ 1924ರಲ್ಲಿ ರಾಯಭಾರಿಯಾಗಿ ಪ್ಯಾರಿಸ್ಸಿಗೆ ಹೋಗಬೇಕಾಯಿತು.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಸೈನ್ಯಕ್ಕೆ ಜನರನ್ನು ಸೇರಿಸಿಕೊಳ್ಳುವ ಕ್ರಮದಲ್ಲಿ ಆದ ಬದಲಾವಣೆ. ಮೊದಲಿದ್ದ ‘ಹಷ್ತ್ ನಫರಿ’ ಪದ್ಧತಿಯಲ್ಲಿ ಎಂಟು ಗಂಡಸರಿಗೆ ಒಬ್ಬನಂತೆ ಸಿಪಾಯಿಯನ್ನು ಊರೇ ಆರಿಸಿ ಕಳಿಸುತ್ತಿತ್ತು. ಯಾವ ಮನೆಯಲ್ಲಿ ದುಡಿಯುವ ಕೈ ಎಷ್ಟಿದೆ, ಯಾರನ್ನು ಕಳಿಸಿದರೆ ಹೊಲ ಬೀಳು ಬೀಳದು ಎಂಬುದು ಹಿರಿಯರಿಗೆ ಗೊತ್ತಿತ್ತು. ಆ ಹಿರಿಯರು ಪಕ್ಷಪಾತ ಮಾಡುತ್ತಿರಲಿಲ್ಲವೆಂದು ನಾನು ಹೇಳುವುದಿಲ್ಲ, ಲಂಚವೂ ನಡೆಯುತ್ತಿದ್ದಿರಬೇಕು. ಆದರೆ ಅಮಾನುಲ್ಲಾ ಅದನ್ನು ತೆಗೆದು ಎಲ್ಲರಿಗೂ ಗುರುತಿನ ಚೀಟಿ ಹಂಚಿ, ಲಾಟರಿ ಎತ್ತಿ ಆರಿಸುವ ನಿಯಮ ತಂದಾಗ, ಊರು ಸಿಪಾಯಿಯನ್ನು ಕಳಿಸುವುದು ಹೋಗಿ, ಸರ್ಕಾರ ಅವನನ್ನು ಎಳೆದೊಯ್ಯುವುದು ಬಂದಿತು. ಕಾಗದದ ಮೇಲೆ ನ್ಯಾಯವಾದ ಕ್ರಮವೇ. ಆದರೆ ಆ ಸಿಪಾಯಿಯ ಬೆನ್ನಿಗೆ ಈಗ ಊರು ಇರಲಿಲ್ಲ, ಅವನು ಓಡಿಬಂದರೆ ಊರಿಗೆ ಅವಮಾನವೂ ಇರಲಿಲ್ಲ.

1924ರಲ್ಲಿ ಆಗ್ನೇಯದ ಖೋಸ್ತ್ ಸೀಮೆಯಲ್ಲಿ ನಡೆದ ದಂಗೆ ಇದನ್ನೆಲ್ಲ ತೋರಿಸಿಕೊಟ್ಟಿತ್ತು. ಹೊಸ ಕಾನೂನುಗಳ ವಿರುದ್ಧ ಎದ್ದ ಆ ದಂಗೆಯನ್ನು ಅಡಗಿಸಲು ಹತ್ತಿರ ಹತ್ತಿರ ಒಂದು ವರ್ಷ ಹಿಡಿಯಿತು. ಅದೂ ಬೇರೆ ಬುಡಕಟ್ಟುಗಳ ಪಡೆಗಳನ್ನು ಬೇಡಿ ತರಿಸಿಕೊಂಡ ಮೇಲೆ. ದೊರೆ ಆಗ ಕೆಲವು ಸುಧಾರಣೆಗಳನ್ನು ಹಿಂದಕ್ಕೆ ತೆಗೆದುಕೊಂಡ, ಆದರೆ ಸೈನ್ಯವನ್ನು ಸರಿಪಡಿಸಲಿಲ್ಲ. 1928ರಲ್ಲಿ ರಾಣಿ ಸೊರಾಯಾಳೊಡನೆ ಯುರೋಪು ಸುತ್ತಿ ಬಂದವನು ಕಾಬೂಲಿನ ಹತ್ತಿರದ ಪಘ್ಮಾನಿನಲ್ಲಿ ಲೋಯಾ ಜಿರ್ಗಾ ಎಂಬ ನಾಡಿನ ಹಿರಿಯರ ಮಹಾಸಭೆ ಕರೆದು, ಗಡ್ಡದ ಹಿರಿಯರಿಗೆಲ್ಲ ಕರಿ ಕೋಟು, ಪ್ಯಾಂಟು, ಹ್ಯಾಟು ತೊಡಿಸಿ ಕೂರಿಸಿದ. ವಾರದ ರಜೆಯನ್ನು ಶುಕ್ರವಾರದಿಂದ ಗುರುವಾರಕ್ಕೆ ಬದಲಿಸಿದ. ಕೂಸು ಹುಟ್ಟುವ ಮುನ್ನ ಕುಲಾವಿ ಎಂದು ನಾವು ನಗುತ್ತೇವಲ್ಲ, ಇಲ್ಲಿ ಅದು ಅಕ್ಷರಶಃ ನಡೆಯಿತು: ತಲೆಗೆ ಹ್ಯಾಟು ಬಂದಿತ್ತು, ಕಾಯುವ ಸೈನ್ಯ ಇನ್ನೂ ಹುಟ್ಟಿರಲಿಲ್ಲ.

ನವೆಂಬರಿನಲ್ಲಿ ಜಲಾಲಾಬಾದಿನ ಕಡೆ ಶಿನ್ವಾರಿ ಬುಡಕಟ್ಟಿನವರು ದಂಗೆಯೆದ್ದರು. ಅವರನ್ನು ತಡೆಯಲು ಸೈನ್ಯ ಪೂರ್ವಕ್ಕೆ ಹೋದಾಗ, ಉತ್ತರದಿಂದ ಹಬೀಬುಲ್ಲಾ ಕಲಕಾನಿ ಕಾಬೂಲಿನ ಮೇಲೆ ಬಿದ್ದ. ನೀರು ಹೊರುವವನ ಮಗನೆಂದು ಜನ ಕರೆದ ಈತ ಹಿಂದೆ ಅದೇ ದೊರೆಯ ಸೈನ್ಯದಲ್ಲಿ ಸಿಪಾಯಿಯಾಗಿದ್ದವನು. 1929ರ ಜನವರಿ 14ರಂದು ಅಮಾನುಲ್ಲಾ ಪಟ್ಟ ಬಿಟ್ಟ. ಅಣ್ಣ ಇನಾಯತುಲ್ಲಾ ಮೂರು ದಿನ ಆಳಿದ ಮೇಲೆ ಕಾಬೂಲು ಹಬೀಬುಲ್ಲಾನ ಕೈಸೇರಿತು. ಕಾಬೂಲಿನಲ್ಲಿ ಸಿಕ್ಕಿಬಿದ್ದಿದ್ದ 586 ಮಂದಿಯನ್ನು ಬ್ರಿಟಿಷ್ ವಿಮಾನಗಳು ಆ ಚಳಿಗಾಲದಲ್ಲಿ ಬೆಟ್ಟಗಳ ಮೇಲಿಂದ ಹೊತ್ತು ತಂದವು. 2021ರ ವಿಮಾನ ನಿಲ್ದಾಣದ ಚಿತ್ರಗಳನ್ನು ಕಂಡಾಗ ನನಗೆ ನೆನಪಾದದ್ದು ಇದೇ.

ಇದರಲ್ಲಿ ಬ್ರಿಟಿಷರ ಕೈವಾಡವಿತ್ತೆಂದು ನೀನು ಹೇಳಬಹುದು. ಮೊದಲ ಮಹಾಯುದ್ಧದಲ್ಲಿ ಅರಬರನ್ನು ತುರ್ಕರ ಮೇಲೆ ಎಬ್ಬಿಸಿದ ಬ್ರಿಟಿಷ್ ಅಧಿಕಾರಿ, ಅರೇಬಿಯಾದ ಲಾರೆನ್ಸ್, ಆಗ ಹೆಸರು ಬದಲಿಸಿಕೊಂಡು ಗಡಿಯ ಮಿರಾನ್‌ಶಾದ ವಾಯುಪಡೆ ಠಾಣೆಯಲ್ಲಿ ಇದ್ದದ್ದು ನಿಜ. ಪತ್ರಿಕೆಗಳಲ್ಲಿ ಗುಲ್ಲೆದ್ದಾಗ ಅವನನ್ನು ಅವಸರದಲ್ಲಿ ಇಂಗ್ಲೆಂಡಿಗೆ ಕಳಿಸಿದರು. ಆದರೆ ಹೊರಗಿನವನ ಗಾಳಿಗೆ ಒಂದು ಮನೆ ಬೀಳಬೇಕಾದರೆ ಅದರ ಕಂಬಗಳು ಮೊದಲೇ ಕದಲಿರಬೇಕು.

ನಿನ್ನ ವಾದವನ್ನು ನಿಜವಾಗಿ ಕಾಡುವುದು ಮೂವತ್ತು ವರ್ಷದ ಅನಂತರದ ಕಥೆ. 1959ರ ಆಗಸ್ಟಿನ ಸ್ವಾತಂತ್ರ್ಯೋತ್ಸವದಲ್ಲಿ ಪ್ರಧಾನಿ ದಾವೂದ್ ಖಾನ್ ಕಾನೂನು ಮಾಡಲಿಲ್ಲ, ಭಾಷಣವನ್ನೂ ಮಾಡಲಿಲ್ಲ. ರಾಜಮನೆತನದ ಹೆಂಗಸರನ್ನು ಪರದೆಯಿಲ್ಲದೆ ವೇದಿಕೆಗೆ ಕರೆತಂದ. ವಿರೋಧಿಸಿದ ಮುಲ್ಲಾಗಳು ಸೆರೆಮನೆ ಸೇರಿದರು, ಕಂದಹಾರಿನ ಗಲಭೆಯನ್ನು ಸೈನ್ಯ ಅಡಗಿಸಿತು. ಪರದೆ ತೆಗೆಸುವಂಥ, ಅಮಾನುಲ್ಲಾನಿಗೆ ಪಟ್ಟ ಕಳೆದ ಸುಧಾರಣೆ ದಾವೂದನಿಗೆ ದಕ್ಕಿತು. ಸಂಪ್ರದಾಯ ಅಲ್ಲೇ ಇತ್ತು, ಜನರೂ ಅವರೇ. ಬದಲಾಗಿದ್ದುದು 1956ರಿಂದ ಸೋವಿಯತ್ ಶಸ್ತ್ರಗಳಿಂದ ಕಟ್ಟಿದ ಸೈನ್ಯ.

ಇಲ್ಲಿಗೇ ನಿಲ್ಲಿಸಿದ್ದರೆ ನಾನು ಗೆದ್ದಂತಿತ್ತು. ಆದರೆ ಆ ಸೈನ್ಯದ ಅಧಿಕಾರಿಗಳು ಸೋವಿಯತ್ ಒಕ್ಕೂಟದಲ್ಲಿ ತರಬೇತಾದವರು. ಅವರಲ್ಲಿ ಕೆಲವರು 1978ರ ಏಪ್ರಿಲಿನಲ್ಲಿ ದಾವೂದನನ್ನು ಅವನ ಅರಮನೆಯಲ್ಲೇ ಕೊಂದರು. ಅವರು ಪಟ್ಟಕ್ಕೇರಿಸಿದ ಕಮ್ಯುನಿಸ್ಟ್ ಸರ್ಕಾರ ಭೂಮಿ ಹಂಚಿಕೆ, ವಧುದಕ್ಷಿಣೆ, ಅಕ್ಷರ ಕಲಿಕೆ ಎಲ್ಲವನ್ನೂ ಆಜ್ಞೆಯಿಂದ ಬದಲಿಸಹೊರಟಾಗ, 1979ರ ಮಾರ್ಚಿನಲ್ಲಿ ಹೆರಾತಿನಲ್ಲಿ ದಂಗೆಯೆದ್ದಿತು. ಅಡಗಿಸಬೇಕಾಗಿದ್ದ ಅಲ್ಲಿನ ಸೈನ್ಯದ ಡಿವಿಷನ್ನೇ ದಂಗೆಕೋರರ ಪಕ್ಷ ಸೇರಿತು. ಆ ವರ್ಷ ಮುಗಿಯುವ ಮೊದಲೇ ಸೋವಿಯತ್ ಸೇನೆ ಗಡಿ ದಾಟಿ ಒಳಬಂದಿತ್ತು.

ಹೀಗಾಗಿ, ಆ ಹೆರಾತಿನ ಸಿಪಾಯಿಗಳು ಬಂದೂಕನ್ನು ಯಾರ ಕಡೆ ತಿರುಗಿಸಬೇಕಾಗಿತ್ತು ಎಂಬುದನ್ನು ಯೋಚಿಸಿ ನನಗೆ ಬರೆ. ಅವರು ಅಜ್ಞಾನಿಗಳು ಎಂಬ ಉತ್ತರವನ್ನು ಮಾತ್ರ ನಾನು ತೆಗೆದುಕೊಳ್ಳುವುದಿಲ್ಲ.

ಇಂತು ನಿನ್ನ ಗೆಳೆಯ