ಪಾವಗಡ ಶಾಸಕರಿಗೆ: ಬಸುರಿ ಹೆಣ್ಮಕ್ಕಳ ಬಿಪಿ ವಿಷ್ಯಾನೂ ಕೆಡಿಪಿ (ತಾಲ್ಲೂಕಿನ ಪ್ರಗತಿ ಪರಿಶೀಲನೆ) ಮೀಟಿಂಗಲ್ಲಿ ಎತ್ತಿ ಸಾರ್

ಮಾನ್ಯ ಶಾಸಕರೇ, ನಮಸ್ಕಾರ.

ರಸ್ತೆ, ನೀರು ಅಂತ ದಿನಾ ಜನ ಬರ್ತಾರೆ ನಿಮ್ಮ ಹತ್ರ, ನಂದು ಬೇರೆ ವಿಷ್ಯ. ನಮ್ಮ ನಾದಿನಿ ಈಗ ಬಸುರಿ. ಮೊನ್ನೆ ನಾನು ಅವಳ ‘ತಾಯಿ ಕಾರ್ಡ್’ (ಬಸುರಿಯರ ತಪಾಸಣೆ ಬರೆಯೋ ಕಾರ್ಡ್) ತೆಗ್ದು ನೋಡಿದ್ರೆ ಪ್ರತಿ ತಿಂಗಳೂ ಬಿಪಿ 110/70, 110/70, ಒಂದಂಕಿ ಆಚೀಚೆ ಇಲ್ಲ. ಸಬ್ ಸೆಂಟರ್‌ಗೆ ಜೊತೆಗೆ ಹೋದಾಗ ಅರ್ಥ ಆಯ್ತು, ಮಿಷಿನ್ನಿನ ಪಟ್ಟಿ ಅಂಟೋದೇ ಇಲ್ಲ, ಸಿಸ್ಟರ್ ಒಂದು ಕೈಯಲ್ಲಿ ಅಮುಕಿ ಹಿಡ್ಕೊಂಡು ಇನ್ನೊಂದ್ ಕೈಯಲ್ಲಿ ಬಟನ್ ಒತ್ತಬೇಕು, ಸೆಲ್ ಹೋಗಿದ್ರೆ ಅದೂ ಇಲ್ಲ. 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇರೋ ತಾಲ್ಲೂಕು ಸಾರ್ ನಮ್ದು! ಸಿಸ್ಟರನ್ನ ಬೈಯಿರಿ ಅಂತ ಹೇಳ್ತಿಲ್ಲ, ಅವ್ರಾದ್ರೂ ಏನ್ ಮಾಡ್ತಾರೆ.

ಪ್ರಿಎಕ್ಲಾಂಪ್ಸಿಯಾ ಅನ್ನೋ ಬಸುರಿಯರ ಬಿಪಿ ಕಾಯಿಲೆ ಸಾಮಾನ್ಯವಾಗಿ 20 ವಾರ ದಾಟಿದ್ಮೇಲೆ ಬರುತ್ತೆ, ಬಿಪಿ 140/90 ಮುಟ್ಟುತ್ತೆ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತೆ, ಹುಡುಗಿಗೆ ಶುರುವಲ್ಲಿ ಏನೂ ಗೊತ್ತಾಗಲ್ಲ. ಮುಖ ಕಾಲು ಊದಿದ್ರೆ ನಾವೂ ‘ಬಸುರಿ ಅಲ್ವಾ, ಮಾಮೂಲಿ’ ಅಂದ್ಬಿಡ್ತೀವಿ. ತಲೆ ಸಿಡಿಯೋದು, ಕಣ್ಣು ಮಂಜಾಗೋದು, ಪಕ್ಕೆ ಕೆಳಗೆ ನೋವು, ಆಮೇಲೆ ಫಿಟ್ಸ್. ಆವಾಗ 108 ಹತ್ತಿಸಿದ್ರೆ ಮಧುಗಿರಿ ದಾಟಿ ತುಮಕೂರು ಸುಮಾರು 100 ಕಿಲೋಮೀಟರ್.

ದೊಡ್ಡ ಆಸ್ಪತ್ರೆಗಳಲ್ಲಿ 11ರಿಂದ 14 ವಾರದೊಳಗೆ ರಕ್ತದ ಹರಿವು ನೋಡೋ ಡಾಪ್ಲರ್ ಸ್ಕ್ಯಾನು, ಪಿಎಲ್‌ಜಿಎಫ್ (ಮಾಸಿನಿಂದ ಬರೋ ಒಂದು ಪ್ರೋಟೀನ್) ರಕ್ತ ಪರೀಕ್ಷೆ ಮಾಡಿ ಯಾರಿಗೆ ರಿಸ್ಕ್ ಜಾಸ್ತಿ ಅಂತ ಹೇಳ್ತಾರೆ. ಅದೆಲ್ಲ ಹಳ್ಳಿಗೆ ಕೊಡಿ ಅಂತಿಲ್ಲ. ಕಾರ್ಡ್ ಮಾಡೋ ದಿನ ಸರಿಯಾಗಿ ಬಿಪಿ ನೋಡಿ ನಾಲ್ಕು ಮಾತು ಕೇಳಲಿ: ಹಿಂದಿನ ಬಸುರಲ್ಲಿ ಬಿಪಿ ಏರಿತ್ತಾ, ಶುಗರ್, ಕಿಡ್ನಿ ತೊಂದ್ರೆ ಇದ್ಯಾ, ಅಮ್ಮಂಗೆ ಅಕ್ಕಂಗೆ ಹಿಂಗಾಗಿತ್ತಾ. ರಿಸ್ಕ್ ಇದ್ದೋರಿಗೆ ಡಾಕ್ಟ್ರು ಕಡಿಮೆ ಡೋಸಿನ ಆಸ್ಪಿರಿನ್ ಬರೀತಾರೆ, ಅಗ್ಗದ ಮಾತ್ರೆ, ಆದ್ರೆ 12 ವಾರ ಆದ್ಮೇಲೆ 16 ವಾರದೊಳಗೆ ಶುರು ಆದ್ರೇನೇ ಹೆಚ್ಚು ಉಪಯೋಗ. ಪ್ರತಿ ತಿಂಗಳು 9ನೇ ತಾರೀಖಿನ ಸುರಕ್ಷಿತ ಮಾತೃತ್ವ ಅಭಿಯಾನ 2016ರಿಂದ ನಡೀತಿದೆ, ಒಳ್ಳೇದೇ, ಆದ್ರೆ ಅದು ನಾಲ್ಕನೇ ತಿಂಗಳಿಂದ ಆಚೆಯೋರಿಗೆ, ಅಷ್ಟೊತ್ತಿಗೆ ಈ ಮಾತ್ರೆ ಟೈಮ್ ಮುಗೀತಾ ಬಂದಿರುತ್ತೆ.

ಇನ್ನೊಂದು ತಲೆನೋವು ನಮ್ಮ ಗಡಿದು. ಏಳನೇ ತಿಂಗಳು ಸೀಮಂತ ಮುಗಿಸಿ ಹುಡುಗಿ ತವರಿಗೆ ಹೋಗ್ತಾಳೆ, ಆಂಧ್ರದ ಮಡಕಶಿರಾ, ಹಿಂದೂಪುರ ಕಡೆಯೋರು ಇಲ್ಲಿಗೆ ಬರ್ತಾರೆ, ಇಲ್ಲಿಯೋರು ಅಲ್ಲಿಗೆ. ಬಿಪಿ ಏರೋ ಹೊತ್ತಲ್ಲೇ ಈ ಕಡೆ ಆಶಾ ಲಿಸ್ಟಲ್ಲೂ ಇಲ್ಲ ಆ ಕಡೆ ಲಿಸ್ಟಲ್ಲೂ ಇಲ್ಲ. ಒಂದು ಫೋನ್ ಮಾಡಿ ಹೇಳೋ ಪದ್ಧತಿನಾದ್ರೂ ಬೇಡ್ವಾ? ಹೆರಿಗೆ ಆದ್ಮೇಲೂ ಬರಬಹುದು ಇದು, ಬಾಣಂತಿ ಬಿಪಿ ಯಾರೂ ನೋಡಲ್ಲ ಬಿಡಿ.

ಮುಂದಿನ ಕೆಡಿಪಿ ಮೀಟಿಂಗಲ್ಲಿ ಟಿಎಚ್‌ಒ (ತಾಲ್ಲೂಕು ಆರೋಗ್ಯಾಧಿಕಾರಿ) ಅವ್ರನ್ನ ಇಷ್ಟು ಕೇಳಿ: ಎಷ್ಟು ಸಬ್ ಸೆಂಟರಲ್ಲಿ ಬಿಪಿ ಮಿಷಿನ್ ಸರಿ ಇದೆ, ಮೂತ್ರ ನೋಡೋ ಸ್ಟ್ರಿಪ್ ಸ್ಟಾಕ್ ಇದ್ಯಾ, ಈ ವರ್ಷ 16 ವಾರದೊಳಗೆ ಆಸ್ಪಿರಿನ್ ಶುರು ಮಾಡಿದ್ದು ಎಷ್ಟು ಜನಕ್ಕೆ. ಉತ್ತರ ನಿಮ್ಮ ಫೇಸ್‌ಬುಕ್ ಪೇಜಲ್ಲಿ ಹಾಕಿ ಸಾರ್, ನಾವೂ ಓದ್ತೀವಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರಳು